ಮೊದಲು ಚೀಲ, ಆಮೇಲೆ ಮೊಟ್ಟೆ

ಮಗು ಎಲ್ಲಿಂದ ಬಂತು ಎಂದು ಮಕ್ಕಳು ಕೇಳಿದರೆ ನಮ್ಮ ಮನೆಗಳಲ್ಲಿ ಉತ್ತರಕ್ಕೆ ಬರವಿಲ್ಲ. ಆಸ್ಪತ್ರೆಯಿಂದ ತಂದೆವು, ದೇವರು ಕೊಟ್ಟ, ತಿಪ್ಪೆಯ ಮೇಲೆ ಬಿದ್ದಿತ್ತು ಎತ್ತಿಕೊಂಡು ಬಂದೆವು. ಕೊನೆಯದನ್ನು ಹೇಳಿ ಮಗುವನ್ನು ಅಳಿಸುವುದರಲ್ಲಿ ಚಿಕ್ಕಪ್ಪಂದಿರಿಗೆ ಅದೇನೋ ಸುಖ. ಇವು ಸುಳ್ಳು ಎನ್ನುವುದು ದೊಡ್ಡ ದೂರಲ್ಲ. ಮಕ್ಕಳು ಸುಳ್ಳನ್ನು ಬೇಗ ಹಿಡಿಯುತ್ತಾರೆ, ಅಷ್ಟೇ ಬೇಗ ಕ್ಷಮಿಸಿಯೂ ಬಿಡುತ್ತಾರೆ. ನನಗೆ ಕಾಣುವ ಕೊರತೆ ಬೇರೆ. ಈ ಎಲ್ಲ ಉತ್ತರಗಳಲ್ಲೂ ಮಗು ಆಗಲೇ ಪೂರ್ತಿ ತಯಾರಾಗಿ ಎಲ್ಲೋ ಇರುತ್ತದೆ; ಯಾರೋ ಹೋಗಿ ತರುತ್ತಾರೆ. ಅದು ಆದದ್ದು ಹೇಗೆ ಎಂಬ ಮಾತೇ ಏಳುವುದಿಲ್ಲ.

ಶಾಲೆಯಲ್ಲಿ ಆ ಮಾತು ಏಳುತ್ತದೆ, ಆದರೆ ಎರಡು ಕಾಲಂ ಮಾಡಿ ಮುಗಿಸುತ್ತಾರೆ. ಕೋಳಿ ಮೊಟ್ಟೆ ಇಡುತ್ತದೆ, ಹಸು ಕರು ಹಾಕುತ್ತದೆ. ಇವೆರಡರ ವ್ಯತ್ಯಾಸ ಬರೆಯಿರಿ. ಅದರಾಚೆಗೆ ಹೋಗಲು ಹೊರಟರೆ ಗದ್ದಲ. ಹದಿಹರೆಯದವರ ಶಿಕ್ಷಣದ ಕೇಂದ್ರ ಸರ್ಕಾರದ ಕಾರ್ಯಕ್ರಮ ಬಂದಾಗ, 2007ರಲ್ಲಿ ಕರ್ನಾಟಕವೂ ಸೇರಿ ಹಲವು ರಾಜ್ಯಗಳು ಅದನ್ನು ಬೇಡವೆಂದವು. ಆಗ ನಡೆದ ಜಗಳವೆಲ್ಲ ಯಾವ ಚಿತ್ರ ತೋರಿಸಬಹುದು, ಯಾವ ಮಾತು ಆಡಬಹುದು ಎನ್ನುವುದರ ಸುತ್ತ. ಮಾತು ಮತ್ತು ಚಿತ್ರ ಬಿಟ್ಟು ಮೂರನೆಯ ದಾರಿಯೊಂದು ಇರಬಹುದೆಂದು ಎರಡೂ ಕಡೆಯವರಿಗೆ ಹೊಳೆದಂತೆ ಕಾಣಲಿಲ್ಲ.

ಆ ಮೂರನೆಯ ದಾರಿಯನ್ನು ನಾನು ನೋಡಿದ್ದು ಬ್ರಿಟನ್ನಿನ ಕಡಲತೀರದಲ್ಲಿ. ಅಲ್ಲಿ ಚಳಿಗಾಲದ ಬಿರುಗಾಳಿ ಹೊಡೆದು ಹೋದ ಮೇಲೆ, ಅಲೆ ತಂದು ಸುರಿದ ಕಡಲಕಳೆಯ ರಾಶಿಯಲ್ಲಿ ಬೆರಳುದ್ದದ ಕಪ್ಪು ಕಪ್ಪು ಚೀಲಗಳು ಸಿಗುತ್ತವೆ. ನಾಲ್ಕು ಮೂಲೆಗೆ ನಾಲ್ಕು ಕೊಂಬಿದ್ದರೆ ಅದು ಸ್ಕೇಟ್ ಮೀನಿನದು. ಸ್ಕೇಟ್ ಎಂದರೆ ನಮ್ಮ ಕರಾವಳಿಯ ತೊರಕೆಯಂತೆ ಚಪ್ಪಟೆ ಮೈಯ ಮೀನು, ತೊರಕೆಗೆ ನಂಟು. ಕೊಂಬಿನ ಬದಲು ಸುರುಳಿ ಸುತ್ತಿದ ಎಳೆಗಳಿದ್ದರೆ ಕ್ಯಾಟ್‌ಶಾರ್ಕ್ ಎಂಬ ಪುಟ್ಟ ಶಾರ್ಕಿನದು. ಎರಡೂ ಮೊಟ್ಟೆಯ ಚೀಲಗಳೇ. ತೀರದ ಜನ ಇದಕ್ಕೆ ಮತ್ಸ್ಯಕನ್ಯೆಯ ಪರ್ಸ್ ಎನ್ನುತ್ತಾರೆ. ಶಾರ್ಕ್ ಟ್ರಸ್ಟ್ ಎಂಬ ಸಂಸ್ಥೆ 2003ರಲ್ಲಿ ಗ್ರೇಟ್ ಎಗ್‌ಕೇಸ್ ಹಂಟ್ ಎಂದು ಹೆಸರಿಟ್ಟು ಇವನ್ನು ಹುಡುಕುವ ಕೆಲಸವನ್ನು ಜನರ ಕೈಗೇ ಕೊಟ್ಟಿತು. ಚೀಲ ಹುಡುಕಬೇಕು, ನೀರಿನಲ್ಲಿ ನೆನೆಹಾಕಬೇಕು, ಅಳೆಯಬೇಕು, ಯಾವ ಜಾತಿಯದೆಂದು ಗುರುತಿಸಿ ಎಲ್ಲಿ ಸಿಕ್ಕಿತೆಂದು ಬರೆದು ಕಳಿಸಬೇಕು. ಹೀಗೆ ಲಕ್ಷಗಟ್ಟಲೆ ಚೀಲಗಳು ಲೆಕ್ಕಕ್ಕೆ ಬಂದಿವೆ. ಯಾವ ಮೀನು ಎಲ್ಲಿ ಮೊಟ್ಟೆಯಿಡುತ್ತದೆ ಎಂಬುದರ ಸುಳಿವು ವಿಜ್ಞಾನಿಗಳಿಗೆ ಸಿಗುವುದರಲ್ಲಿ ರಜೆಗೆ ಬಂದ ಮಕ್ಕಳ ಪಾಲೂ ಇದೆ. ಹುಡುಕಾಟದ ಬೆನ್ನಿಗೇ ಕೈಕೆಲಸವೂ ಬಂತು. ಸಿಕ್ಕ ಚೀಲವನ್ನು ನೋಡಿ ಅಂಥದೇ ಒಂದನ್ನು ಕಾಗದದಲ್ಲೋ ಬಟ್ಟೆಯಲ್ಲೋ ಮಾಡಿ, ಒಳಗೊಂದು ಮರಿ ಇಡುವುದು.

ನನ್ನ ತಂಗಿಯ ಸಂಸಾರ ಇರುವುದು ಡೆವನ್‌ನಲ್ಲಿ. ಅವಳ ಏಳು ವರ್ಷದ ಮಗಳು ಊಟದ ಮೇಜಿನ ಮೇಲೆ ಹರವಿಕೊಂಡು ಇದನ್ನು ಮಾಡುವಾಗ ನಾನು ಎದುರಿಗೆ ಕೂತಿದ್ದೆ. ಹಿಂದಿನ ರಾತ್ರಿಯೇ ಸ್ಟೀಲಿನ ಬೋಗುಣಿಯಲ್ಲಿ ನಿಜವಾದ ಚೀಲವೊಂದನ್ನು ನೆನೆಹಾಕಿದ್ದಳು. ಒಣಗಿದ್ದಾಗ ಅದು ಸೊಟ್ಟಗೆ, ಗರಿಗರಿಯಾಗಿ, ಹಿಡಿದರೆ ಮುರಿದೀತು ಎಂಬಂತಿತ್ತು. ಬೆಳಗಾಗುವಷ್ಟರಲ್ಲಿ ಉಬ್ಬಿಕೊಂಡು ಮೆತ್ತಗಾಗಿ, ಬೆರಳಿನ ನಡುವೆ ಬಗ್ಗುತ್ತಿತ್ತು. ಕಿಟಕಿಯ ಬೆಳಕಿಗೆ ಹಿಡಿದರೆ ಕಪ್ಪು ಹೋಗಿ ಜೇನಿನ ಬಣ್ಣ. ಉದ್ದುದ್ದಕ್ಕೆ ಸಣ್ಣ ಗೀರು. ಒಂದು ತುದಿಯಲ್ಲಿ ಹೊಲಿಗೆ ಬಿಟ್ಟ ಹಾಗೆ ಬಾಯಿ ತೆರೆದಿತ್ತು. ಮರಿ ಹೊರಬಿದ್ದ ದಾರಿ ಅದು. ಬೋಗುಣಿಯಿಂದ ಕಡಲಕಳೆಯ ವಾಸನೆ ಹೊಡೆಯುತ್ತಿತ್ತು. ಇನ್ನು ಮುಂದೆ ಅದರಲ್ಲಿ ಮೊಸರನ್ನಂತೂ ಕಲಸುವುದಿಲ್ಲ ಎಂದು ತಂಗಿ ಆಗಲೇ ಘೋಷಿಸಿದ್ದಳು.

ಕೆಲಸ ನಡೆದದ್ದು ಹೀಗೆ. ಪುಸ್ತಕಕ್ಕೆ ಹೊದಿಸುವ ಕಂದು ಕಾಗದದ ಎರಡು ತುಂಡು. ಟೀ ಡಿಕಾಕ್ಷನ್‌ನಲ್ಲಿ ಅದ್ದಿ, ಮುದುರಿ, ಒಣಗಿಸಿದ್ದರಿಂದ ಅದಕ್ಕೆ ತೊಗಲಿನ ಸುಕ್ಕು ಬಂದಿತ್ತು. ಒಂದರ ಮೇಲೊಂದಿಟ್ಟು ಮೂರು ಬದಿಗೆ ಗೋಂದು ಹಚ್ಚಿದಳು. ಉಲ್ಲನ್ ದಾರವನ್ನು ಪೆನ್ಸಿಲಿಗೆ ಸುತ್ತಿ ಸುರುಳಿ ಮಾಡಿ ನಾಲ್ಕು ಮೂಲೆಗೆ ಅಂಟಿಸಿದಳು. ಹಳದಿ ಬಟ್ಟೆಯನ್ನು ಉಂಡೆ ಕಟ್ಟಿ, ಅದಕ್ಕೆ ಒಂದೆಳೆ ನೂಲು, ನೂಲಿನ ತುದಿಗೆ ಕಾಗದದ ಮರಿ. ಉಂಡೆ ಮರಿಯ ಊಟ, ಮೊಟ್ಟೆಯ ಹಳದಿ. ಇಷ್ಟನ್ನೂ ತೆರೆದ ಬದಿಯಿಂದ ಒಳಗೆ ಸೇರಿಸಿ ಆಮೇಲೆ ಬಾಯಿ ಮುಚ್ಚಬೇಕು.

ಮೊದಲು ಚೀಲ, ಆಮೇಲೆ ಮೊಟ್ಟೆ. ಇದು ಕೈಕೆಲಸದ ಅನುಕೂಲಕ್ಕೆ ಮಾಡಿಕೊಂಡ ಏರ್ಪಾಡು ಅನ್ನಿಸಬಹುದು. ಕೋಳಿಯಲ್ಲಿ ಕ್ರಮ ತಿರುಗುಮುರುಗು. ಹಳದಿ ಮೊದಲು, ಅದರ ಸುತ್ತ ಬಿಳಿ, ಕಡೆಗೆ ಚಿಪ್ಪು. ಆದರೆ ಸ್ಕೇಟು ಮತ್ತು ಕ್ಯಾಟ್‌ಶಾರ್ಕಿನ ಹೊಟ್ಟೆಯಲ್ಲಿ ನಡೆಯುವುದು ಥೇಟ್ ಆ ಮೇಜಿನ ಮೇಲೆ ನಡೆದಂತೆಯೇ. ಅಂಡನಾಳದಲ್ಲಿರುವ ಒಂದು ಗ್ರಂಥಿ ಮೊದಲು ಚೀಲದ ಒಂದು ಭಾಗವನ್ನು ಸ್ರವಿಸಿ ಕಟ್ಟುತ್ತದೆ. ಮೊಟ್ಟೆ ಬಂದು ಅದರೊಳಗೆ ಇಳಿಯುತ್ತದೆ. ಆಮೇಲೆ ಉಳಿದ ಭಾಗ ಬೆಳೆದು ಬಾಯಿ ಮುಚ್ಚಿಕೊಳ್ಳುತ್ತದೆ. ಒಮ್ಮೊಮ್ಮೆ ಮೊಟ್ಟೆ ಬಾರದೆಯೇ ಹೋಗುತ್ತದೆ; ಗ್ರಂಥಿ ಮಾತ್ರ ತನ್ನ ಕೆಲಸ ಮುಗಿಸಿ ಖಾಲಿ ಚೀಲವನ್ನೇ ಮುಚ್ಚಿ ಕಳಿಸುತ್ತದೆ. ಚೀಲದ ಮುಖ್ಯ ಸರಕು ಕೊಲಾಜೆನ್, ನಮ್ಮ ಚರ್ಮದಲ್ಲೂ ಸ್ನಾಯುರಜ್ಜುವಿನಲ್ಲೂ ಇರುವಂಥದೇ ಪ್ರೋಟೀನು. ಹೊಸತರಲ್ಲಿ ಬಿಳಿಚಿಕೊಂಡು ಮೆತ್ತಗಿರುತ್ತದೆ. ಮೆಲ್ಲಗೆ ಕಂದಾಗಿ ಗಟ್ಟಿಯಾಗುತ್ತದೆ. ಚರ್ಮ ಹದ ಮಾಡುವವರ ತೊಟ್ಟಿಯಲ್ಲಿ ನಡೆಯುವುದಕ್ಕೆ ಹತ್ತಿರದ ರಸಾಯನಕ್ರಿಯೆ ಇಲ್ಲಿಯೂ ನಡೆಯುತ್ತದೆ. ಕಾಗದವನ್ನು ಟೀಯಲ್ಲಿ ಅದ್ದಿದ ಹುಡುಗಿ ತನಗೆ ಗೊತ್ತಿಲ್ಲದೆ ಆ ಹಾದಿಯಲ್ಲೂ ಒಂದು ಹೆಜ್ಜೆ ಇಟ್ಟಿದ್ದಳು.

ಬಾಯಿ ಮುಚ್ಚುವ ಮೊದಲು ಅವಳ ಕೈ ನಿಂತಿತು.

"ದೊಡ್ಡಮ್ಮಾ, ಇದಕ್ಕೆ ಊಟ ಇಷ್ಟು ಸಾಕಾ?"

"ಎಷ್ಟು ದಿನ ಒಳಗಿರುತ್ತೆ ಗೊತ್ತಾ? ಎಂಟು ಒಂಬತ್ತು ತಿಂಗಳೇ ಆಗಬಹುದು ಪುಟ್ಟೀ."

ಉಂಡೆ ಬಿಚ್ಚಿ ಇನ್ನಷ್ಟು ಬಟ್ಟೆ ಸುತ್ತಿದಳು. ಈಗ ಚೀಲದ ಬಾಯಿ ಕೂಡಲಿಲ್ಲ. ಚೀಲ ದೊಡ್ಡದು ಮಾಡೋಣವೆಂದರೆ ಕಾಗದ ಅಷ್ಟೇ ಇರುವುದು. ಸ್ವಲ್ಪ ಹೊತ್ತು ಮೂಗಿನ ತುದಿಗೆ ಗೋಂದು ಮೆತ್ತಿಕೊಂಡು ಯೋಚಿಸಿದಳು. "ಹಾಗಾದ್ರೆ ಮರೀನ ಸಣ್ಣದು ಮಾಡ್ತೀನಿ. ಊಟ ಕಡಮೆ ಮಾಡಲ್ಲ."

ನನ್ನ ಮಟ್ಟಿಗೆ ಈ ಕೈಕೆಲಸದ ತಿರುಳು ಅಲ್ಲಿದೆ. ಮಗು ಎಲ್ಲಿಂದ ಬಂತು ಎಂದು ಕೇಳುವಾಗ ಕೇಳುವವಳು ಮಗುವಿನ ಜಾಗದಲ್ಲಿ ನಿಂತಿರುತ್ತಾಳೆ: ನಾನು ಬಂದಿದ್ದೇನೆ, ನನ್ನನ್ನು ಕಳಿಸಿದವರು ಯಾರು? ಚೀಲ ಮಾಡಲು ಕೂತಾಗ ಅವಳು ತಾಯಿಯ ಜಾಗಕ್ಕೆ ಬರುತ್ತಾಳೆ. ಅಲ್ಲಿಂದ ಕೇಳಿಬರುವ ಪ್ರಶ್ನೆ ಬೇರೆಯದೇ. ಏನನ್ನು ಒಳಗಿಡಬೇಕು, ಎಷ್ಟು ಇಡಬೇಕು, ಗೋಡೆ ಎಷ್ಟು ದಪ್ಪ ಇರಬೇಕು, ಎಲ್ಲಿ ಕಟ್ಟಿ ಬರಬೇಕು? ಬಾಯಿ ಮುಚ್ಚಿದ ಮೇಲೆ ಏನನ್ನೂ ಕೊಡಲಾಗುವುದಿಲ್ಲ ಎಂಬ ಕಟ್ಟುಪಾಡಿನೊಳಗೆ ಈ ಪ್ರಶ್ನೆಗಳು ಹುಟ್ಟುತ್ತವೆ. ಊಟ ಹೆಚ್ಚಿದರೆ ಚೀಲ ದೊಡ್ಡದಾಗಬೇಕು, ಚೀಲ ದೊಡ್ಡದಾದರೆ ಮೊಟ್ಟೆಗಳ ಎಣಿಕೆ ಇಳಿಯಬೇಕು. ಇದು ಕಡಲಿನ ಪ್ರತಿಯೊಂದು ಜೀವವೂ ಕೋಟ್ಯಂತರ ವರ್ಷಗಳಲ್ಲಿ ಕುದುರಿಸಿಕೊಂಡಿರುವ ವ್ಯಾಪಾರ. ಕಾಡ್ ಮೀನು ಒಂದೇ ಋತುವಿನಲ್ಲಿ ಲಕ್ಷಲಕ್ಷ ಮೊಟ್ಟೆಗಳನ್ನು ನೀರಿಗೆ ಚೆಲ್ಲಿ ಹೋಗುತ್ತದೆ. ಒಂದೊಂದಕ್ಕೂ ಬುತ್ತಿ ಹೇಳಿಕೊಳ್ಳುವಂಥದಲ್ಲ. ಕ್ಯಾಟ್‌ಶಾರ್ಕ್ ಒಂದು ಸಲಕ್ಕೆ ಇಡುವುದು ಎರಡೇ ಚೀಲ, ಎರಡು ಅಂಡನಾಳಕ್ಕೆ ಒಂದೊಂದರಂತೆ. ಸ್ಕಾಟ್ಲೆಂಡಿನ ಕಡಲಲ್ಲಿರುವ ಫ್ಲಾಪರ್ ಸ್ಕೇಟಿನ ಚೀಲವಂತೂ ಸುಮಾರು 25 ಸೆಂಟಿಮೀಟರ್ ಉದ್ದ, ಮರಿ ಹೊರಬರಲು ಸುಮಾರು ಒಂದೂವರೆ ವರ್ಷ. ಅಷ್ಟು ಕಾಲ ಒಂದೇ ಬುತ್ತಿ, ಒಂದೇ ಜಾಗ. ಸ್ಕೈ ದ್ವೀಪದ ಹತ್ತಿರ ಈ ಮೀನು ಮೊಟ್ಟೆಯಿಡುವ ತಾಣ ಪತ್ತೆಯಾದಾಗ 2021ರಲ್ಲಿ ಸ್ಕಾಟ್ಲೆಂಡ್ ಸರ್ಕಾರ ತುರ್ತಾಗಿ ಅದನ್ನು ಸಂರಕ್ಷಿತ ಕಡಲೆಂದು ಸಾರಿತು. ಒಂದು ಬಲೆ ಅಲ್ಲಿ ತಳ ಗೋರಿದರೆ ಒಂದೂವರೆ ವರ್ಷದ ಬಸಿರುಗಳು ಒಟ್ಟಿಗೆ ಹೋದಂತೆ.

ಬಸಿರು ಎಂದೆ. ತಾಯಿ ಅಲ್ಲಿಲ್ಲದಿದ್ದರೂ ಹಾಗೆನ್ನಬಹುದೇ? ನಮ್ಮ ಕಡೆ ತಾಯ್ತನವೆಂದರೆ ಹತ್ತಿರ ಇರುವುದು. ಬಾಣಂತನದ ಕೋಣೆ, ಎಣ್ಣೆ ನೀರು, ಸಾಂಬ್ರಾಣಿಯ ಹೊಗೆ, ಮಗ್ಗುಲಲ್ಲಿ ಮಲಗಿದ ಕೂಸು. ಕ್ಯಾಟ್‌ಶಾರ್ಕ್ ತಾಯಿ ಕಡಲಕಳೆಯ ಕಾಂಡಗಳ ಸುತ್ತ ಸುತ್ತಿ ಸುತ್ತಿ ಈಜಿ, ಚೀಲದ ಎಳೆಗಳನ್ನು ಅದಕ್ಕೆ ಸಿಕ್ಕಿಸಿ, ಹೊರಟುಹೋಗುತ್ತದೆ. ತಿರುಗಿ ಬರುವುದಿಲ್ಲ. ಆಸ್ಟ್ರೇಲಿಯಾದ ಪೋರ್ಟ್ ಜಾಕ್ಸನ್ ಶಾರ್ಕಿನ ಚೀಲ ತಿರುಪಿನ ಆಕಾರದ್ದು. ಅದನ್ನು ತಾಯಿ ಬಾಯಲ್ಲಿ ಕಚ್ಚಿಕೊಂಡು ಹೋಗಿ ಬಂಡೆಯ ಸಂದಿಗೆ ತುರುಕುವುದನ್ನು ಕಂಡವರಿದ್ದಾರೆ. ಅದೂ ಅಷ್ಟೇ, ತುರುಕಿ ಹೋಗುತ್ತದೆ. ಮಕ್ಕಳಿಗೆಂದು ಅಚ್ಚು ಹಾಕಿಸಿದ ಕೈಕೆಲಸದ ಹಾಳೆಗಳಲ್ಲಿ ಇದನ್ನು ಒಪ್ಪಿಕೊಳ್ಳಲು ದೊಡ್ಡವರಿಗೆ ಧೈರ್ಯ ಸಾಲುವುದಿಲ್ಲ. ಚೀಲದ ಪಕ್ಕದಲ್ಲೇ ರೆಪ್ಪೆಗೂದಲು ಬಿಡಿಸಿದ, ನಗುವ ಅಮ್ಮ ಶಾರ್ಕೊಂದನ್ನು ಕತ್ತರಿಸಿ ಅಂಟಿಸಲು ಕೊಟ್ಟಿರುತ್ತಾರೆ. ನನಗೆ ಆ ನಗುವ ಶಾರ್ಕನ್ನು ಕಂಡರೆ ಆಗದು. ಅದು ತಿಪ್ಪೆಯ ಕತೆಗಿಂತ ದೊಡ್ಡ ಸುಳ್ಳು, ಯಾಕೆಂದರೆ ಇದು ವಿಜ್ಞಾನದ ಹೆಸರಿನಲ್ಲಿ ಬಂದಿದೆ.

ತಾಯಿ ಇಲ್ಲದಿದ್ದರೆ ಮರಿ ಅನಾಥ ಎಂದುಕೊಳ್ಳುವುದೂ ಅವಸರವೇ. ಆ ತಾಯಿ ಮಾಡಬೇಕಾದ್ದನ್ನೆಲ್ಲ ಮೊದಲೇ ಮಾಡಿ ಮುಗಿಸಿದೆ. ಗೋಡೆ, ಬುತ್ತಿ, ಎಳೆ, ಜಾಗದ ಆಯ್ಕೆ, ಎಲ್ಲ ಆರೈಕೆಯೂ ಮುಂಗಡ. ಹೊರಗೆ ಕೆಲಸಕ್ಕೆ ಹೋಗುವ ತಾಯಂದಿರಿಗೆ, ಮಕ್ಕಳನ್ನು ಹಾಸ್ಟೆಲಿಗೆ ಬಿಟ್ಟು ಬಂದವರಿಗೆ, ಕಡಲಾಚೆ ಮಕ್ಕಳನ್ನು ಕಳಿಸಿದವರಿಗೆ ಇಂಥ ಮುಂಗಡದ ಆರೈಕೆ ತೀರಾ ಅಪರಿಚಿತವೇನಲ್ಲ. ಹಾಗೆಂದು ಶಾರ್ಕಿಗೆ ನಮ್ಮ ಮನಸ್ಸನ್ನು ತೊಡಿಸಲು ನಾನು ಹೊರಟಿಲ್ಲ. ಗ್ರಂಥಿಗೆ ಮರಿಯ ಚಿಂತೆಯಿಲ್ಲ, ಮೊಟ್ಟೆ ಬಾರದಿದ್ದರೂ ಚೀಲ ಮುಚ್ಚುವುದೇ ಅದಕ್ಕೆ ಸಾಕ್ಷಿ. ಆದರೂ ಜತೆಗಿರುವುದೊಂದೇ ಆರೈಕೆಯಲ್ಲ ಎಂಬ ಸಾಧ್ಯತೆಯನ್ನು ಆ ಖಾಲಿ ಚೀಲ ಮುಂದಿಡುತ್ತದೆ, ನಾವು ಒಪ್ಪಲಿ ಬಿಡಲಿ.

ಮರಿಯೂ ಸುಮ್ಮನೆ ಬಿದ್ದುಕೊಂಡಿರುವುದಿಲ್ಲ. ಮೊದಮೊದಲು ಚೀಲ ಎಲ್ಲ ಕಡೆ ಮುಚ್ಚಿರುತ್ತದೆ. ಕೆಲವು ವಾರಗಳ ಮೇಲೆ ಮೂಲೆಗಳ ಹತ್ತಿರ ಸಣ್ಣ ಸೀಳುಗಳು ತೆರೆದುಕೊಳ್ಳುತ್ತವೆ. ಆಗ ಮರಿ ತನ್ನ ಬಾಲವನ್ನು ಅಲ್ಲಾಡಿಸಿ ಅಲ್ಲಾಡಿಸಿ ಹಳೆಯ ನೀರನ್ನು ಹೊರಗೆ ತಳ್ಳಿ ಹೊಸ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ತನ್ನ ಉಸಿರನ್ನು ತಾನೇ ದುಡಿದುಕೊಳ್ಳುತ್ತದೆ. ಇದರಲ್ಲಿ ಅಪಾಯವೂ ಇದೆ. ನೀರಿನ ಆ ಅಲುಗಾಟದಿಂದ, ಮೈಯಿಂದ ಹೊಮ್ಮುವ ಸೂಕ್ಷ್ಮ ವಿದ್ಯುತ್ತಿನಿಂದ ಬೇಟೆಗಾರ ಮೀನಿಗೆ ಸುಳಿವು ಸಿಗುತ್ತದೆ. 2013ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಬ್ಯಾಂಬೂ ಶಾರ್ಕಿನ ಮರಿಗಳನ್ನು ಚೀಲದೊಳಗಿರುವಾಗಲೇ ಪರೀಕ್ಷಿಸಿದರು. ಬೇಟೆಗಾರ ಹತ್ತಿರ ಬಂದಾಗ ಇರುವಂಥ ವಿದ್ಯುತ್ ಕ್ಷೇತ್ರವನ್ನು ನೀರಿನಲ್ಲಿ ಉಂಟುಮಾಡಿದರೆ ಮರಿ ಕಿವಿರಾಡಿಸುವುದನ್ನೂ ನಿಲ್ಲಿಸಿ ಕಲ್ಲಾಗುತ್ತದೆ. ಇನ್ನೂ ಹುಟ್ಟದ ಜೀವ ಉಸಿರು ಬಿಗಿಹಿಡಿಯುತ್ತದೆ! ತಂದುಕೊಟ್ಟ ಮಗು, ದೇವರು ಕೊಟ್ಟ ಮಗು ಎನ್ನುವ ಮಾತಿನಲ್ಲಿ ಮಗುವಿಗೆ ಯಾವ ಕೆಲಸವೂ ಇಲ್ಲ. ಇಲ್ಲಿ ತಾನು ಆಗುವ ಕೆಲಸದಲ್ಲಿ ಮರಿಗೂ ಪಾಲಿದೆ. ಕಾಗದದ ಚೀಲದ ಮೂಲೆಯಲ್ಲಿ ಸೀಳು ಕತ್ತರಿಸಿ, ಮರಿಯ ಬಾಲಕ್ಕೊಂದು ದಾರ ಕಟ್ಟಿ ಹೊರಗಿನಿಂದ ಎಳೆಯುವಂತೆ ಮಾಡಿದರೆ ಇಷ್ಟನ್ನೂ ಏಳು ವರ್ಷದ ಮಗುವಿಗೆ ಮಾತಿಲ್ಲದೆ ಮುಟ್ಟಿಸಬಹುದು.

ಕೈಕೆಲಸ ಎಲ್ಲವನ್ನೂ ಮುಟ್ಟಿಸುತ್ತದೆ ಎಂದಲ್ಲ. ನಾನು ನೋಡಿದ ಯಾವ ಹಾಳೆಯಲ್ಲೂ ಗಂಡು ಶಾರ್ಕ್ ಇರಲಿಲ್ಲ. ಚೀಲ ಮುಚ್ಚಿಕೊಂಡ ಮೇಲೆ ಅದರೊಳಗೆ ಏನೂ ಹೋಗಲಾರದು. ಆದ್ದರಿಂದ ಕೂಡುವುದು, ಫಲಿಸುವುದು ಎಲ್ಲ ಅದಕ್ಕೆ ಮೊದಲೇ ತಾಯಿಯ ಮೈಯೊಳಗೆ ಆಗಿರಬೇಕು. ಗಂಡಿನ ಹೊಟ್ಟೆಯಡಿಯ ಈಜುರೆಕ್ಕೆಗಳ ಒಳಬದಿಗೆ ಎರಡು ಕೋಲಿನಂಥ ಅಂಗಗಳಿರುತ್ತವೆ. ಮೀನು ಮಾರುವವರು ಗಂಡು ಹೆಣ್ಣು ಗುರುತಿಸುವುದು ಅದನ್ನು ನೋಡಿಯೇ. ಅಕ್ವೇರಿಯಂನ ಗಾಜಿನ ಮುಂದೆ ನಿಂತ ಮಕ್ಕಳು ಅದೇನು ಎಂದು ಕೇಳುತ್ತಾರೆ, ಅಪ್ಪಂದಿರು ಮುಂದಿನ ತೊಟ್ಟಿಯತ್ತ ನಡೆಯುತ್ತಾರೆ. ಚೀಲದ ಕೈಕೆಲಸ ಇಷ್ಟು ಜನಪ್ರಿಯವಾಗಲು ಒಂದು ಕಾರಣ ಇದೂ ಇರಬಹುದು. ಕಷ್ಟದ ಪ್ರಶ್ನೆಯನ್ನು ಬಳಸಿಕೊಂಡು ಹೋಗಲು ಅದರಲ್ಲಿ ದಾರಿಯಿದೆ. ಅಮೆರಿಕದ ಒಮಾಹಾ ನಗರದ ಮೃಗಾಲಯದಲ್ಲಿ 2001ರಲ್ಲಿ ಹೆಣ್ಣು ಶಾರ್ಕುಗಳು ಮಾತ್ರ ಇದ್ದ ತೊಟ್ಟಿಯಲ್ಲಿ ಒಂದು ಮರಿ ಹುಟ್ಟಿತು. ಅದಕ್ಕೆ ತಂದೆಯೇ ಇಲ್ಲವೆಂದು 2007ರಲ್ಲಿ ವಂಶವಾಹಿ ಪರೀಕ್ಷೆ ಹೇಳಿತು. ಹೀಗಾಗಿ ಗಂಡನ್ನು ಬಿಟ್ಟ ಕೈಕೆಲಸದ ಹಾಳೆ ಪೂರ್ತಿ ಸುಳ್ಳಲ್ಲ ಎಂದು ತುಂಟರು ವಾದಿಸಬಹುದು.

ಮೊಟ್ಟೆಯಿಡುವ ಶಾರ್ಕುಗಳ ಮಾತಾಯಿತು. ಅವು ಅಲ್ಪಸಂಖ್ಯಾತರು. ಶಾರ್ಕು, ತೊರಕೆ, ಸ್ಕೇಟುಗಳ ಇಡೀ ಬಳಗದಲ್ಲಿ ಅರ್ಧಕ್ಕಿಂತ ಹೆಚ್ಚು ಜಾತಿಗಳು ಮರಿ ಹಾಕುತ್ತವೆ. ಮರಿ ಹಾಕುವ ರೀತಿಯೂ ಒಂದಲ್ಲ. ಕೆಲವು ಮೊಟ್ಟೆಯನ್ನು ಹೊಟ್ಟೆಯೊಳಗೇ ಇಟ್ಟುಕೊಂಡು ಅಲ್ಲೇ ಒಡೆಸುತ್ತವೆ. ಕೆಲವಕ್ಕೆ ನಮ್ಮಂತೆಯೇ ಮಾಸು, ಹೊಕ್ಕುಳಬಳ್ಳಿ. ತೊರಕೆಗಳು ಗರ್ಭಕೋಶದ ಗೋಡೆಯಿಂದ ಒಸರುವ ಹಾಲಿನಂಥ ದ್ರವವನ್ನು ಮರಿಗೆ ಉಣಿಸುತ್ತವೆ. ಜೀವಿಗಳನ್ನು ಅಂಡಜ, ಜರಾಯುಜ, ಸ್ವೇದಜ, ಉದ್ಭಿಜ ಎಂದು ಐತರೇಯ ಉಪನಿಷತ್ತು ಹೆಸರಿಸುತ್ತದೆ. ಶಾಲೆಯ ಎರಡು ಕಾಲಂ ಅದರ ಮೊದಲ ಎರಡೇ. ಶಾರ್ಕ್ ಆ ಎರಡರಲ್ಲೂ ಕಾಲಿಡುತ್ತದೆ, ನಡುವಿನ ಗೆರೆಯ ಮೇಲೂ ಕೂರುತ್ತದೆ. ಅರಿಸ್ಟಾಟಲ್ ಇದನ್ನು ಕಂಡಿದ್ದ. ನಯವಾದ ಮೈಯ ಒಂದು ಜಾತಿಯ ಶಾರ್ಕಿನಲ್ಲಿ ಮರಿ ಬಳ್ಳಿಯ ಮೂಲಕ ಗರ್ಭಕೋಶಕ್ಕೆ ಅಂಟಿರುತ್ತದೆ ಎಂದು ಬರೆದಿಟ್ಟ. ಎರಡು ಸಾವಿರ ವರ್ಷ ಅದಕ್ಕೆ ಸಿಗಬೇಕಾದ ಗಮನ ಸಿಗಲಿಲ್ಲ, ಮೀನಿಗೆಲ್ಲಿಯ ಹೊಕ್ಕುಳಬಳ್ಳಿ! 1842ರಲ್ಲಿ ಜರ್ಮನಿಯ ಯೊಹಾನೆಸ್ ಮ್ಯುಲರ್ ಶಾರ್ಕುಗಳನ್ನು ಕೊಯ್ದು ನೋಡಿದ್ದನ್ನು ಪ್ರಕಟಿಸಿ ಅರಿಸ್ಟಾಟಲ್ ಹೇಳಿದ್ದು ಸರಿಯೆಂದ. ಕೈಯಲ್ಲಿ ಹಿಡಿದು ನೋಡಿದವನು ಹೇಳಿದ್ದನ್ನು ಇನ್ನೊಬ್ಬ ಕೈಯಲ್ಲಿ ಹಿಡಿದೇ ಒಪ್ಪಬೇಕಾಯಿತು.

ಇನ್ನೊಂದು ಬಗೆಯಿದೆ. ಸ್ಯಾಂಡ್ ಟೈಗರ್ ಶಾರ್ಕಿನ ಎರಡು ಗರ್ಭಕೋಶಗಳಲ್ಲಿ ಹಲವು ಭ್ರೂಣಗಳು ಬೆಳೆಯತೊಡಗುತ್ತವೆ. ಒಂದೊಂದರಲ್ಲೂ ಮೊದಲು ಹಲ್ಲು ಬಲಿತ ಮರಿ ಉಳಿದ ಒಡಹುಟ್ಟುಗಳನ್ನು ತಿಂದುಹಾಕುತ್ತದೆ, ಆಮೇಲೆ ತಾಯಿ ಇಳಿಸುವ ಫಲಿಸದ ಮೊಟ್ಟೆಗಳನ್ನು ತಿಂದು ಬೆಳೆಯುತ್ತದೆ. ಕಡೆಗೆ ಹುಟ್ಟುವುದು ಎರಡೇ ಮರಿ, ಒಂದೊಂದೂ ಸುಮಾರು ಒಂದು ಮೀಟರ್ ಉದ್ದ. 1940ರ ದಶಕದಲ್ಲಿ ಸ್ಟುವರ್ಟ್ ಸ್ಪ್ರಿಂಗರ್ ಎಂಬ ವಿಜ್ಞಾನಿ ಇಂಥ ತಾಯಿಯ ಹೊಟ್ಟೆಯನ್ನು ಪರೀಕ್ಷಿಸುವಾಗ ಒಳಗಿದ್ದ ಮರಿ ಅವರ ಕೈ ಕಚ್ಚಿತ್ತು. ತಾಯಿ ಒಂದಕ್ಕಿಂತ ಹೆಚ್ಚು ಗಂಡುಗಳೊಡನೆ ಕೂಡಿದ್ದರೂ ಕಡೆಗೆ ಉಳಿಯುವ ಎರಡು ಮರಿಗಳು ಬಹಳ ಸಲ ಒಂದೇ ತಂದೆಯವು ಎಂದು 2013ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಹೊಟ್ಟೆಯೊಳಗೇ ದಾಯಾದಿ ಕಲಹ.

ಇದಕ್ಕೊಂದು ಕೈಕೆಲಸ ಮಾಡಬಹುದೇ? ಮಾಡಬಹುದು, ಮಕ್ಕಳು ಹೆದರುವುದಿಲ್ಲ. ಯಾವ ಮರಿ ಯಾವುದನ್ನು ತಿಂದಿತು ಎಂದು ಕುತೂಹಲದಿಂದ ಲೆಕ್ಕ ಹಾಕುತ್ತಾರೆ. ತತ್ತರಿಸುವವರು ನಾವು. ನಮಗೆ ಪ್ರಾಣಿಗಳಿಂದ ಒಂದು ನೀತಿ ಬೇಕು. ಇರುವೆಯಿಂದ ದುಡಿಮೆ, ಹಸುವಿನಿಂದ ವಾತ್ಸಲ್ಯ ಕಲಿಸಿ ನಮಗೆ ಅಭ್ಯಾಸವಾಗಿದೆ. ಶಾರ್ಕುಗಳ ಬಳಗದಲ್ಲಿ ನೀತಿ ಹುಡುಕಿದರೆ ಬೇಕಾದ ನೀತಿಯೆಲ್ಲ ಸಿಗುತ್ತದೆ. ಕಟ್ಟಿಟ್ಟು ಹೋಗುವ ತಾಯಿ, ಬಳ್ಳಿಯಿಂದ ಉಣಿಸುವ ತಾಯಿ, ತಂದೆಯಿಲ್ಲದ ಮರಿ, ಒಡಹುಟ್ಟನ್ನು ತಿನ್ನುವ ಮರಿ. ಒಂದು ಇನ್ನೊಂದನ್ನು ಸುಳ್ಳು ಮಾಡುತ್ತದೆ. ಹೀಗೇ ಹುಟ್ಟಬೇಕು, ಹೀಗೇ ಹಡೆಯಬೇಕು, ಹೀಗಿದ್ದರೇ ತಾಯಿ ಎಂದು ಪ್ರಕೃತಿಯತ್ತ ಬೆರಳು ತೋರಿಸಿ ಮಾತಾಡುವವರ ಎದುರು ಈ ಮೀನುಗಳನ್ನು ಸಾಲಾಗಿ ನಿಲ್ಲಿಸಬೇಕು. ಮಕ್ಕಳಿಗೆ ಒಂದೇ ಚೀಲ ಮಾಡಿಸಿ ಬಿಡುವುದರಲ್ಲಿ ಇದೇ ತೊಂದರೆ. ಒಂದು ಮಾದರಿ ಕೈಗೆ ಬಂದರೆ ಅದೇ ಕ್ರಮ ಅನ್ನಿಸುತ್ತದೆ. ನಾಲ್ಕು ಬಗೆಯವನ್ನು ಮಾಡಿಸಿ ಪಕ್ಕಪಕ್ಕ ಇಟ್ಟರೆ ಕ್ರಮ ಎಂಬ ಮಾತೇ ಸಡಿಲವಾಗುತ್ತದೆ.

ಶಾರ್ಕನ್ನು ಜನರಿಗೆ ಹತ್ತಿರ ಮಾಡಲು ಗುಜರಾತಿನಲ್ಲಿ ಬೇರೊಂದು ದಾರಿ ಹಿಡಿದರು. ಅಲ್ಲಿನ ಸೌರಾಷ್ಟ್ರ ಕರಾವಳಿಯಲ್ಲಿ ತಿಮಿಂಗಿಲ ಶಾರ್ಕುಗಳನ್ನು ಎಣ್ಣೆಗೂ ಮಾಂಸಕ್ಕೂ ದೊಡ್ಡ ಪ್ರಮಾಣದಲ್ಲಿ ಕೊಲ್ಲುತ್ತಿದ್ದರು. 2001ರಲ್ಲಿ ಕಾನೂನಿನ ರಕ್ಷಣೆ ಸಿಕ್ಕಿತು. 2004ರಲ್ಲಿ ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ ಮತ್ತಿತರರು ಅಭಿಯಾನ ಶುರುಮಾಡಿದಾಗ ರಾಮಕಥೆಯ ಮೊರಾರಿ ಬಾಪು ಈ ಮೀನನ್ನು ಹೆರಿಗೆಗೆ ತವರಿಗೆ ಬರುವ ಮಗಳಿಗೆ ಹೋಲಿಸಿದರು. ಗಾಳಿ ತುಂಬಿದ, ನಿಜ ಅಳತೆಯ ಶಾರ್ಕಿನ ಗೊಂಬೆ ಊರೂರು ತಿರುಗಿತು, ಬೀದಿನಾಟಕಗಳಾದವು. ಬಸುರಿ ಮಗಳನ್ನು ಯಾರಾದರೂ ಕಡಿಯುತ್ತಾರೆಯೇ? ಬಲೆಗೆ ಬಿದ್ದ ಶಾರ್ಕುಗಳನ್ನು ಮೀನುಗಾರರು ಬಲೆ ಕತ್ತರಿಸಿಯೇ ಬಿಟ್ಟರು. ಹೀಗೆ ನೂರಾರು ಮೀನು ಉಳಿದವು. ತಿಮಿಂಗಿಲ ಶಾರ್ಕ್ ಮರಿ ಹಾಕುವುದನ್ನು ಕಣ್ಣಾರೆ ಕಂಡವರು ಜಗತ್ತಿನಲ್ಲೇ ಇಲ್ಲ. 1995ರಲ್ಲಿ ತೈವಾನಿನಲ್ಲಿ ಸಿಕ್ಕ ಒಂದು ತಾಯಿಯ ಹೊಟ್ಟೆಯಲ್ಲಿ ಸುಮಾರು 300 ಮರಿಗಳಿದ್ದವು, ಕೆಲವು ಇನ್ನೂ ಚೀಲದೊಳಗೇ. ಡೆವನ್ನಿನ ಮೇಜಿನ ಮೇಲಿದ್ದಂಥ ಚೀಲ, ಆದರೆ ತಾಯಿಯ ಒಳಗೆ. ತವರಿನ ಮಾತು ವಿಜ್ಞಾನವಲ್ಲ, ಆದರೆ ಅದು ಗೆದ್ದಿತು. ಮೀನನ್ನು ಮನೆಮಗಳು ಮಾಡುವುದು ಒಂದು ವಿದ್ಯೆ, ಮಗುವನ್ನು ಮೀನಿನ ಜಾಗದಲ್ಲಿ ಕೂರಿಸುವುದು ಇನ್ನೊಂದು. ಮೀನು ಉಳಿಸಲು ಮೊದಲನೆಯದು ಸಾಕಾಗಬಹುದು. ಅದು ಮನೆಮಗಳಂತೆ ಇಲ್ಲದಿರುವಾಗಲೂ ಉಳಿಯಲಿ ಎಂದು ಅನ್ನಿಸಬೇಕಾದರೆ ಎರಡನೆಯದು ಬೇಕು. ಒಡಹುಟ್ಟನ್ನು ತಿಂದ ಮರಿಗೆ ತವರಿನ ಪದ ಹಾಡುವವರು ಯಾರು?

ಈ ಕೈಕೆಲಸವನ್ನು ನಮ್ಮ ಕರಾವಳಿಯಲ್ಲಿ ಮಾಡಿಸುವುದಾದರೆ ಡೆವನ್ನಿನ ಹಾಳೆಯನ್ನು ಹಾಗೇ ಎತ್ತಿ ತರುವುದು ದಂಡ. ಮಲ್ಪೆಯ ಮರಳಿನಲ್ಲಿ ಮತ್ಸ್ಯಕನ್ಯೆಯ ಪರ್ಸ್ ಹುಡುಕುತ್ತ ಹೊರಟ ಮಗು ಬರಿಗೈಯಲ್ಲಿ ಬರುವ ಸಂಭವವೇ ಹೆಚ್ಚು. ಇಲ್ಲಿ ಬಲೆಗೆ ಬೀಳುವ ತಾಟೆ (ಶಾರ್ಕಿಗೆ ಇಲ್ಲಿಯ ಹೆಸರು), ತೊರಕೆಗಳಲ್ಲಿ ಹೆಚ್ಚಿನವು ಮರಿ ಹಾಕುವಂಥವು. ಪಶ್ಚಿಮ ಕರಾವಳಿಯಲ್ಲಿ ಧಾರಾಳವಾಗಿ ಸಿಗುವ ಸ್ಪೇಡ್‌ನೋಸ್ ಎಂಬ ಪುಟ್ಟ ಶಾರ್ಕಿನ ಮೊಟ್ಟೆಯ ಅಳತೆ ಸುಮಾರು ಒಂದು ಮಿಲಿಮೀಟರ್. ಅದರಲ್ಲಿ ಬುತ್ತಿಯೇ ಇಲ್ಲವೆನ್ನಬೇಕು. ಮರಿಗೆ ಬೇಕಾದ್ದೆಲ್ಲ ತಿಂಗಳುಗಟ್ಟಲೆ ಬಳ್ಳಿಯ ಮೂಲಕ ತಾಯಿಯಿಂದಲೇ ಹೋಗಬೇಕು. ಮೀನುಗಳಲ್ಲೇ ಅತ್ಯಂತ ಬೆಳೆದ ಮಾಸು ಅದರದು ಎನ್ನುತ್ತಾರೆ. ಏನನ್ನೂ ಮುಂಗಡ ಕೊಡದೆ ಎಲ್ಲವನ್ನೂ ಜತೆಗಿದ್ದೇ ಕೊಡುವ ತಾಯಿ ಅದು, ಕ್ಯಾಟ್‌ಶಾರ್ಕಿನ ನೇರ ಎದುರು ತುದಿ. ನನ್ನ ತಂಗಿಯ ಮಗಳು ಚೀಲದ ಬಾಯಿ ಕೂಡದೆ ಪೇಚಾಡಿದ ಲೆಕ್ಕಕ್ಕೆ ಇದು ಇನ್ನೊಂದು ಪರಿಹಾರ: ಊಟ ಒಳಗಿಡಲೇಬೇಡ, ನೀನೇ ಇರು. ಹಾಲು ಶಾರ್ಕ್ ಎಂದು ಇಂಗ್ಲಿಷಿನಲ್ಲಿ ಹೆಸರು ಪಡೆದ ಇನ್ನೊಂದು ಜಾತಿಯನ್ನು ತಿಂದರೆ ಬಾಣಂತಿಗೆ ಹಾಲು ಹೆಚ್ಚುತ್ತದೆಂದು ನಮ್ಮ ದೇಶದ ಕರಾವಳಿಗಳಲ್ಲಿ ನಂಬಿಕೆ. ಅದೂ ಬಳ್ಳಿಯಿಂದ ಮರಿಗೆ ಉಣಿಸುವ ಮೀನೇ. ಆ ಸಾರು ಉಂಡ ಬಾಣಂತಿಯರಿಗೆ ಇದನ್ನು ಹೇಳಿದವರು ಕಡಮೆ.

ಇಲ್ಲಿಯ ಕೈಕೆಲಸ ಕಾಗದದ ಚೀಲವಾಗಲಾರದು. ಹಳೆಯ ಸೀರೆಯ ತುಂಡಿನಲ್ಲಿ ಎರಡು ಉದ್ದ ಜೋಳಿಗೆ ಹೊಲಿದು, ಒಂದೊಂದರೊಳಗೂ ಬಟ್ಟೆಯ ಮರಿಗಳು, ಪ್ರತಿ ಮರಿಯ ಎದೆಯಿಂದ ಜೋಳಿಗೆಯ ಗೋಡೆಗೆ ಒಂದೊಂದು ದಾರ. ಮರಿಗಳು ಎಷ್ಟು, ಯಾವ ಕಡೆ ತಲೆ ಹಾಕಿರುತ್ತವೆ, ಬಳ್ಳಿ ಎಲ್ಲಿ ಅಂಟಿರುತ್ತದೆ ಎಂಬುದಕ್ಕೆ ಪುಸ್ತಕ ಬೇಡ. ಮಾರುಕಟ್ಟೆಯಲ್ಲಿ ಮಣೆಯ ಮುಂದೆ ಕೂತು ಬಸುರಿ ತಾಟೆಯ ಹೊಟ್ಟೆ ಸೀಳಿ, ಮರಿಗಳನ್ನು ತೆಗೆದು ಪಕ್ಕಕ್ಕಿಡುವ ಹೆಂಗಸರಿಗೆ ಅದು ಕರತಲಾಮಲಕ. ಅರಿಸ್ಟಾಟಲ್‌ನಂಥವರಿಗೂ ಇಂಥದನ್ನು ಮೊದಲು ಹೇಳಿದವರು ಮೀನುಗಾರರೇ ಇರಬೇಕೆಂದು ನನ್ನ ಊಹೆ. ಕೈಕೆಲಸದ ಪೀರಿಯಡ್ಡಿಗೆ ಆ ಹೆಂಗಸರಲ್ಲಿ ಒಬ್ಬರನ್ನು, ಮೀನಿನ ಬುಟ್ಟಿಯ ಸಮೇತ, ಶಾಲೆಯೊಳಗೆ ಕರೆಯಲು ಯಾವ ಹೆಡ್‌ಮಾಸ್ತರರು ಒಪ್ಪುತ್ತಾರೆ ಎನ್ನುವುದು ಬೇರೆ ಮಾತು. ಅಲ್ಲಿ ಅಡ್ಡ ಬರುವುದು ಸಂತಾನೋತ್ಪತ್ತಿಯ ಪಾಠಕ್ಕಿಂತ ಹೆಚ್ಚಾಗಿ ಮೀನಿನ ವಾಸನೆಯೇ ಇದ್ದೀತು.